ಕೇಳಿ ಮುಟ್ಟುವ ಕೈ

ನಮ್ಮ ವೈದ್ಯಕೀಯ ಲೋಕದಲ್ಲಿ ಕೈಚಳಕಕ್ಕೆ ಹೆಸರಾದವರಿದ್ದಾರೆ, ರೋಗವನ್ನು ಉಸಿರಿನ ಸದ್ದಿನಲ್ಲೇ ಪತ್ತೆಹಚ್ಚುವ ಸೂಕ್ಷ್ಮಮತಿಗಳಿದ್ದಾರೆ, ಪಾಠ ಹೇಳುವ ಸೊಗಸಿನಿಂದ ತಲೆಮಾರುಗಳನ್ನು ತಿದ್ದಿದ ಗುರುಗಳೂ ಇದ್ದಾರೆ. ಆದರೆ ಬುದ್ಧಿ ಬಲಿಯದವರೆಂದೋ, ಮಾತು ಬಾರದವರೆಂದೋ, ಕೈಕಾಲು ಸ್ವಾಧೀನವಿಲ್ಲದವರೆಂದೋ ನಾವೆಲ್ಲ ಯಾರ ತಲೆಯ ಮೇಲಿಂದಲೇ ಮಾತಾಡಿ ಮುಂದಿನ ಹಾಸಿಗೆಗೆ ದಾಟಿಹೋಗುತ್ತಿದ್ದೆವೋ, ಅಂಥವರ ಮುಖಕ್ಕೆ ಮುಖ ಕೊಟ್ಟು ಕುಳಿತು, ಅವರ ದೇಹದ ಬಗ್ಗೆ ಅವರನ್ನೇ ಕೇಳುವುದನ್ನು ಒಂದು ಶಾಸ್ತ್ರವೆಂಬಷ್ಟು ಶ್ರದ್ಧೆಯಿಂದ ಬೆಳೆಸಿದವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮ ಆ ವಿರಳರಲ್ಲಿ ಮೊದಲಿಗರು. ಅವರ ಕುರಿತು ಬರೆಯಲು ಸಂಪಾದಕರು ನನ್ನನ್ನು ಕೇಳಿದಾಗ ಸಂತೋಷಕ್ಕಿಂತ ಮೊದಲು ಅಳುಕೇ ಆಯಿತು. ಬೆಟ್ಟದ ಬುಡದಲ್ಲೇ ಮನೆ ಕಟ್ಟಿಕೊಂಡವರಿಗೆ ಬೆಟ್ಟದ ಎತ್ತರ ಹೇಳುವುದು ಕಷ್ಟ.

ಆಸ್ಪತ್ರೆಯಲ್ಲಿ ಅವರಿಗೆ ಒಂದು ಅಡ್ಡಹೆಸರಿದೆ: ‘ಕೇಳಿದ್ರಾ ಮೇಡಂ’. ಯಾವ ರೋಗಿಯ ವಿಚಾರ ತೆಗೆದುಕೊಂಡು ಹೋದರೂ ಅವರ ಬಾಯಿಂದ ಬರುವ ಮೊದಲ ಮಾತು, “ಅವರನ್ನ ಕೇಳಿದ್ರಾ?” ಎಂಬುದು. ಕಿರಿಯ ವೈದ್ಯರು ಬೆನ್ನ ಹಿಂದೆ ಈ ಹೆಸರು ಹಿಡಿದು ನಗುತ್ತಾರೆ. ಎದುರಿಗೆ ಬಂದರೆ ಕೇಳದೇ ಬಂದದ್ದಕ್ಕೆ ಬೆವರುತ್ತಾರೆ. “ನಿಮ್ಮ ಮನೇಲಿ ಯಾರಾದ್ರೂ ಅಂಥವರು ಇದ್ದಾರಾ ಮೇಡಂ? ಇಷ್ಟೊಂದು ಹಚ್ಕೊಂಡಿದ್ದೀರಲ್ಲ” ಎಂದು ಒಮ್ಮೆ ಒಬ್ಬ ಪತ್ರಕರ್ತರು ಮೆಚ್ಚುಗೆಯಿಂದಲೇ ಕೇಳಿದ್ದರು. ಡಾಕ್ಟರಮ್ಮ ಅವರನ್ನು ದಿಟ್ಟಿಸಿ, “ಇಲ್ಲ. ಇರಬೇಕಿತ್ತಾ?” ಎಂದರು. ಸಂದರ್ಶನ ಅಲ್ಲಿಗೇ ಮುಗಿಯಿತು.

ನಾವಿಬ್ಬರೂ ಒಂದೇ ವರ್ಷ ಈ ಆಸ್ಪತ್ರೆಗೆ ಸೇರಿದವರು. ಅವರು ಸ್ತ್ರೀರೋಗ ವಿಭಾಗಕ್ಕೆ, ನಾನು ಅರಿವಳಿಕೆ ವಿಭಾಗಕ್ಕೆ. ಮಲಗಿಸುವವಳು ನಾನು, ಕೊಯ್ಯುವವರು ಅವರು. ಹೀಗಾಗಿ ನಮ್ಮ ಸಂಬಂಧ ಒಂದೇ ಅಡುಗೆಮನೆಯಲ್ಲಿ ಏಗುವ ಓರಗಿತ್ತಿಯರದು, ಜಗಳವಿಲ್ಲದ ದಿನವೇ ಇರಲಿಲ್ಲ. ಆದರೆ ಅವರ ಕೈಯನ್ನು ನಾನು ಮೊದಲ ವಾರದಲ್ಲೇ ಒಪ್ಪಿಬಿಟ್ಟಿದ್ದೆ. ರಕ್ತ ಚೆಲ್ಲದ, ಅವಸರವಿಲ್ಲದ, ಒಂದು ಹೊಲಿಗೆಯೂ ದಂಡವಾಗದ ಕೈ. ನಾವೆಲ್ಲ ‘ದೊಡ್ಡ ಡಾಕ್ಟರು’ ಎಂದು ಕರೆಯುತ್ತಿದ್ದ ಅವರ ವಿಭಾಗದ ಮುಖ್ಯಸ್ಥರಿಗೆ ಈ ಶಿಷ್ಯೆಯ ಮೇಲೆ ಎಂಥ ಅಭಿಮಾನವಿತ್ತೆಂದರೆ, ತಮ್ಮ ನಂತರ ಆ ಕುರ್ಚಿ ಇವರದೇ ಎಂದು ಬಹಿರಂಗವಾಗಿಯೇ ಹೇಳುತ್ತಿದ್ದರು. ದೊಡ್ಡ ಡಾಕ್ಟರು ನಿಜಕ್ಕೂ ದೊಡ್ಡವರೇ. ಸಾವಿರಾರು ತಾಯಂದಿರನ್ನು ಉಳಿಸಿದವರು. ಮುಂದೆ ನಾನು ಹೇಳುವ ಸಂಗತಿಯಲ್ಲಿ ಅವರನ್ನು ಯಾರೂ ಹಗುರವಾಗಿ ಕಾಣಬಾರದೆಂದು ಈ ಮಾತನ್ನು ಮೊದಲೇ ಹೇಳಿಟ್ಟಿದ್ದೇನೆ.

ಆ ದಿನ ಬೆಳಗ್ಗೆ ಆಪರೇಷನ್ ಥಿಯೇಟರಿಗೆ ಬಂದ ಮೊದಲ ರೋಗಿ ಹದಿಹರೆಯ ದಾಟುತ್ತಿದ್ದ ಒಬ್ಬ ಹುಡುಗಿ. ತಾಯಿ ಅವಳನ್ನು ಚುಕ್ಕಿ ಎಂದು ಕರೆಯುತ್ತಿದ್ದಳು. ವಯಸ್ಸಿಗೆ ತಕ್ಕ ಬುದ್ಧಿ ಬೆಳೆದಿಲ್ಲ, ಮುಟ್ಟಾದರೆ ತನ್ನನ್ನು ತಾನು ನೋಡಿಕೊಳ್ಳಲಾರಳು, ಆದ್ದರಿಂದ ಗರ್ಭಕೋಶ ತೆಗೆಯುವುದು — ಇದು ತಾಯಿಯ ಕೋರಿಕೆ, ದೊಡ್ಡ ಡಾಕ್ಟರ ಒಪ್ಪಿಗೆ. ಗರ್ಭಕೋಶದಲ್ಲಿ ಯಾವ ರೋಗವೂ ಇರಲಿಲ್ಲ. ಅಂದಿನ ದಿನಗಳಲ್ಲಿ ಅದು ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ; ಮನೆಯವರು ಬೇಡುತ್ತಿದ್ದರು, ವೈದ್ಯರು ಮಾಡುತ್ತಿದ್ದರು, ಅದನ್ನು ದಯೆಯೆಂದೇ ಎಲ್ಲರೂ ತಿಳಿದಿದ್ದರು.

ಮೇಜಿನ ಮೇಲೆ ಮಲಗಿದ್ದ ಚುಕ್ಕಿ ಮೇಲಿನ ದೊಡ್ಡ ದೀಪವನ್ನು ಕಂಡು ನಗುತ್ತಿದ್ದಳು. ನಾನು ಅವಳ ತೋಳಿನಲ್ಲಿ ರಕ್ತನಾಳ ಹುಡುಕುತ್ತಿದ್ದೆ. ಕೈತೊಳೆದು, ಕೈಗವಸು ಹಾಕಿ ನಿಂತಿದ್ದ ಡಾಕ್ಟರಮ್ಮ ಸುಮ್ಮನೆ ಮಾತಿಗೆಂಬಂತೆ, “ಚುಕ್ಕಿ, ಇಲ್ಲಿಗೆ ಯಾಕೆ ಬಂದಿದ್ದೀಯ ಗೊತ್ತಾ?” ಎಂದು ಕೇಳಿದರು.

“ಹಲ್ಲು ನೋಡ್ತಾರಂತೆ” ಎಂದಳು ಚುಕ್ಕಿ. ಹೇಳಿದವಳೇ ಬಾಯಿಯನ್ನು ಆದಷ್ಟು ಅಗಲವಾಗಿ ತೆರೆದು, ಕಣ್ಣು ಮುಚ್ಚಿ, ಕಾದು ಮಲಗಿದಳು.

ಹಸಿರು ಬಟ್ಟೆ ತೊಟ್ಟ ನಾವಿಷ್ಟು ಜನ ಸುತ್ತುವರಿದು ನಿಂತಿದ್ದೇವೆ. ಅವಳ ಹೊಟ್ಟೆ ಕೊಯ್ಯಲು ಎಲ್ಲವೂ ಸಿದ್ಧವಾಗಿದೆ. ಅವಳು ಮಾತ್ರ ನಮ್ಮನ್ನು ನಂಬಿ ಹಲ್ಲು ತೋರಿಸುತ್ತಿದ್ದಾಳೆ. ಡಾಕ್ಟರಮ್ಮ ಬಾಗಿದರು. ನಿಜವಾಗಿಯೂ ಅವಳ ಹಲ್ಲುಗಳನ್ನು, ಹಿಂದಿನ ದವಡೆಯವರೆಗೂ, ಒಂದೊಂದಾಗಿ ನೋಡಿದರು. “ಹಲ್ಲು ತುಂಬ ಚೆನ್ನಾಗಿದೆ ಚುಕ್ಕಿ. ಬಾಯಿ ಮುಚ್ಚು” ಎಂದರು. ಆಮೇಲೆ ಕೈಗವಸು ಕಳಚಿ, ನನ್ನ ಕಡೆ ತಿರುಗಿ, “ಇವತ್ತು ಇವಳಿಗೆ ಆಪರೇಷನ್ ಇಲ್ಲ” ಎಂದರು.

ದೊಡ್ಡ ಡಾಕ್ಟರು ಕೆಂಡವಾದರು. “ತಾಯಿ ಒಪ್ಪಿದ್ದಾಳೆ, ನಾನು ಒಪ್ಪಿದ್ದೀನಿ. ನಡುವೆ ನಿಮ್ಮದೇನಮ್ಮ?”

“ಅವಳು ಒಪ್ಪಿಲ್ಲ ಸರ್. ಅವಳಿಗೆ ಗೊತ್ತೇ ಇಲ್ಲ.”

“ಹೇಳಿದ್ರೆ ತಿಳಿಯುತ್ತಾ ಅವಳಿಗೆ?”

“ಅದೂ ಗೊತ್ತಿಲ್ಲ ಸರ್. ಯಾರೂ ಹೇಳಿ ನೋಡೇ ಇಲ್ವಲ್ಲ.”

ಅದೇ ವಾರ ಅವರ ಹೆಸರು ಶಸ್ತ್ರಚಿಕಿತ್ಸೆಯ ಸರದಿಯಿಂದ ಹೊರಬಿತ್ತು. ಬಂಗಾರದಂಥ ಆ ಕೈ ಮುಂದಿನ ಒಂದು ವರ್ಷಕ್ಕೂ ಮೀರಿ ಹೊರರೋಗಿ ವಿಭಾಗದ ಮೂಲೆಯ ಕೋಣೆಯಲ್ಲಿ ಚೀಟಿ ಬರೆಯುತ್ತಾ ಕುಳಿತಿತ್ತು. ಆದರೆ ದೊಡ್ಡ ಡಾಕ್ಟರ ಸಿಟ್ಟಿಗಿಂತ ದೊಡ್ಡ ಸಿಟ್ಟೊಂದು ಅಂದು ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕಾದಿತ್ತು.

ಚುಕ್ಕಿಯ ತಾಯಿ ಸಿಟಿ ಬಸ್ಸಿನ ಕಂಡಕ್ಟರು. ಗಂಡ ಎಂದೋ ಬಿಟ್ಟುಹೋಗಿದ್ದ. ಆಪರೇಷನ್ ಮುಗಿಸಿಕೊಂಡು ಮಧ್ಯಾಹ್ನದ ಪಾಳಿಗೆ ಹೋಗಬೇಕೆಂದು ಡ್ಯೂಟಿ ಬಟ್ಟೆಯಲ್ಲೇ, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡೇ ಬಂದಿದ್ದಳು. ಸುದ್ದಿ ಕೇಳಿದವಳೇ ಎದ್ದು ನಿಂತಳು.

“ಬೇಡ ಅನ್ನೋದು ಸುಲಭ ಡಾಕ್ಟ್ರೇ. ಬೇಡ ಅಂದು ನೀವು ಮನೆಗೆ ಹೋಗ್ತೀರಿ. ನಾನು ಬೆಳಗ್ಗೆ ಬಸ್ಸು ಹತ್ತಿದ್ರೆ ಇವಳು ಬೀಗ ಹಾಕಿದ ಮನೇಲಿ ಒಬ್ಬಳೇ. ಹೋದ ತಿಂಗಳು ರಕ್ತದ ಬಟ್ಟೇಲೇ ಕಿಟಕಿ ಹತ್ರ ನಿಂತಿದ್ಲಂತೆ, ಬೀದಿ ಹುಡುಗರೆಲ್ಲ ಸೇರಿ ಕೇಕೆ ಹಾಕಿ ನಕ್ಕರಂತೆ. ನಾಳೆ ಅವರಲ್ಲೇ ಒಬ್ಬ ಬಾಗಿಲು ಒಡೆದು ಬಂದ್ರೆ? ಇವಳಿಗೆ ಹೊಟ್ಟೆ ಬಂದ್ರೆ? ಆವಾಗ ಬರ್ತೀರಾ ನೀವು?”

ಡಾಕ್ಟರಮ್ಮ ಅವಳ ಹತ್ತಿರ ಸರಿದು ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: “ಗರ್ಭಕೋಶ ತೆಗೆದ್ರೆ ಹೊಟ್ಟೆ ಬರಲ್ಲ ಅಮ್ಮ, ನಿಜ. ಆದ್ರೆ ಬಾಗಿಲು ಒಡೆಯೋನು ಬಂದೇ ಬರ್ತಾನೆ. ಅವನು ಬಂದು ಹೋಗಿದ್ದು ನಿಮಗೆ ಗೊತ್ತಾಗಲ್ಲ, ಅಷ್ಟೇ. ಅವನಿಗೇ ಅನುಕೂಲ.”

ಆ ತಾಯಿ ಮತ್ತೆ ಬೆಂಚಿನ ಮೇಲೆ ಕುಳಿತಳು. ಚರ್ಮದ ಚೀಲ ತೊಡೆಯ ಮೇಲೆ ಬಿತ್ತು. “ಹಾಗಾದ್ರೆ ನಾನೇನ್ ಮಾಡ್ಲಿ? ಹೇಳಿ, ಏನ್ ಮಾಡ್ಲಿ?”

“ನನಗೂ ಗೊತ್ತಿಲ್ಲ” ಎಂದರು ಡಾಕ್ಟರಮ್ಮ. “ನಾಳೆ ಸಂಜೆ ನಿಮ್ಮ ಮನೆಗೆ ಬರ್ತೀನಿ. ಬರಬಹುದಾ?”

ಇಂಥ ಮಾತುಗಳನ್ನು ನಾವು ವೈದ್ಯರು ಆಡುತ್ತೇವೆ, ಆಡಿ ಮರೆಯುತ್ತೇವೆ. ಇವರು ಮರುದಿನ ಸಂಜೆ ಹೋದರು. ಅದರ ಮರುವಾರ ಹೋದರು. ತಿಂಗಳುಗಟ್ಟಲೆ ಹೋದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ, ಮೆಟ್ಟಿಲಿಗೆಲ್ಲ ಎಣ್ಣೆಜಿಡ್ಡು. ನಾನು ಕೆಲವು ಸಲ ಜೊತೆಗೆ ಹೋಗಿದ್ದುಂಟು. ಮೊದಮೊದಲು ಚುಕ್ಕಿ ಇವರನ್ನು ಕಂಡರೆ ಮಂಚದ ಕೆಳಗೆ ನುಸುಳುತ್ತಿದ್ದಳು. ಡಾಕ್ಟರಮ್ಮ ಗರ್ಭಕೋಶದ ಚಿತ್ರ ಬರೆದು ವಿವರಿಸಹೊರಟರೆ ಅವಳು ಅದಕ್ಕೆ ಮೀಸೆ ಬಿಡಿಸುತ್ತಿದ್ದಳು. ಕೆಂಪು ನೀರು ಹಾಕಿದ ಪ್ಯಾಡು ತೋರಿಸಿದರೆ ಕಿಟಕಿಯಿಂದಾಚೆ ಎಸೆದು, ಅದು ಕೆಳಗೆ ಸೈಕಲ್ ಅಂಗಡಿಯವನ ತಲೆಯ ಮೇಲೆ ಬಿದ್ದು, ಅವನು ಊರು ಒಂದು ಮಾಡಿದ್ದ. “ಆಯ್ತಲ್ಲ ನಿಮ್ಮ ಪಾಠ?” ಎಂದು ತಾಯಿ ಮೂದಲಿಸಿದಳು. ಡಾಕ್ಟರಮ್ಮ ಕೆಳಗಿಳಿದು ಹೋಗಿ ಅಂಗಡಿಯವನಿಗೆ ಕ್ಷಮೆ ಕೇಳಿ, ಮತ್ತೆ ಮೇಲೆ ಬಂದು ಕುಳಿತರು.

ದಾರಿ ತೋರಿಸಿದವಳು ಚುಕ್ಕಿಯೇ. ತಾಯಿ ಮನೆಗೆ ಬಂದ ಕೂಡಲೇ ಅವಳು ಸೀಟಿ ಕಸಿದುಕೊಂಡು, ತಾಯಿಯ ಬಸ್ಸು ಹೋಗುವ ದಾರಿಯ ಸ್ಟಾಪುಗಳನ್ನೆಲ್ಲ ಒಂದೂ ತಪ್ಪದೆ ಒಪ್ಪಿಸುತ್ತಿದ್ದಳು. ಪ್ರತಿ ಸ್ಟಾಪಿಗೂ “ಹೋಲ್ಡಾನ್!”, ಹೊರಡುವಾಗ “ರೈಟ್, ರೈಟ್!” ಒಂದು ಸಂಜೆ ಡಾಕ್ಟರಮ್ಮ ಅದನ್ನು ಕೇಳುತ್ತಾ ಕುಳಿತವರು ತಟ್ಟನೆ ಎದ್ದು, “ಚುಕ್ಕಿ, ನಮ್ಮ ಬಸ್ಸು ಬಚ್ಚಲುಮನೆಗೆ ಹೋಗುತ್ತೆ. ನೀನು ಕಂಡಕ್ಟರು. ನಾನು ಡ್ರೈವರು” ಎಂದರು. ಬಚ್ಚಲ ಬಾಗಿಲು ಮೊದಲ ಸ್ಟಾಪು. ಹಳೆಯ ಪ್ಯಾಡು ಬಿಚ್ಚಿ ಸುತ್ತಿ ಡಬ್ಬಿಗೆ ಹಾಕುವುದು ಇನ್ನೊಂದು. ತೊಳೆದುಕೊಳ್ಳುವುದು, ಹೊಸದು ಹಾಕಿಕೊಳ್ಳುವುದು, ಕೈಗೆ ಸೋಪು — ಒಂದೊಂದೂ ಒಂದೊಂದು ಸ್ಟಾಪು. ಮೂವರು ಹೆಂಗಸರು ಆ ಇಕ್ಕಟ್ಟಿನ ಮನೆಯಲ್ಲಿ ಸಾಲಾಗಿ ನಿಂತು “ರೈಟ್, ರೈಟ್” ಎನ್ನುತ್ತಾ ಬಚ್ಚಲಿಗೆ ಹೋಗಿ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದಷ್ಟೇ ಆಗಿರಲಿಲ್ಲ.

ಆಮೇಲೆ ಅವರು ಕಲಿಸಿದ್ದು ಇನ್ನೊಂದು ಪಾಠ. ಯಾರೇ ಆಗಲಿ ಕೇಳದೆ ಮೈ ಮುಟ್ಟಿದರೆ ಚುಕ್ಕಿ ಕೈ ಎತ್ತಿ, ಬೀದಿಗೆ ಕೇಳಿಸುವಂತೆ “ಹೋಲ್ಡಾನ್!” ಎಂದು ಕೂಗಬೇಕು. ಯಾರೇ ಆಗಲಿ ಎಂದರೆ ಯಾರೇ ಆಗಲಿ. ಡಾಕ್ಟರಮ್ಮನೇ ಮುಟ್ಟಿದರೂ ಸರಿ. ಅಭ್ಯಾಸಕ್ಕೆಂದು ಅವರು ಬೇಕೆಂದೇ ಮುಟ್ಟುವುದು, ಇವಳು ಕೂಗುವುದು, ಕೂಗಿದೊಡನೆ ಅವರು ಗೋಡೆಗೆ ಸರಿದು ನಿಲ್ಲುವುದು. ತನ್ನ ಒಂದು ಮಾತಿಗೆ ದೊಡ್ಡವರೊಬ್ಬರು ನಿಂತುಬಿಡುತ್ತಾರೆಂಬ ಬೆರಗು ಆ ಹುಡುಗಿಯ ಮುಖದಲ್ಲಿ ಮೂಡಿದ್ದನ್ನು ಕಂಡು ಅವಳ ತಾಯಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ವಿಚಾರಣೆ ಕೂಡಿತು. ಹಿರಿಯರ ನಿರ್ಣಯವನ್ನು ಮೀರಿದ್ದು, ರೋಗಿಯ ಮನೆಗೆ ಓಡಾಡಿ ವೃತ್ತಿಯ ಘನತೆ ಕೆಡಿಸಿದ್ದು — ಇವು ಆರೋಪಗಳು. ಕೆಲಸ ಹೋಗುವುದು ಹೆಚ್ಚುಕಡಿಮೆ ಖಚಿತವೆಂದು ನಾವೆಲ್ಲ ಭಾವಿಸಿದ್ದೆವು. ತಾಯಿಮಗಳನ್ನೂ ಕರೆಸಿದ್ದರು, ತಾಯಿಯಿಂದ ದೂರು ಹೇಳಿಸುವ ಉದ್ದೇಶವಿತ್ತೆಂದು ಕಾಣುತ್ತದೆ. ಉದ್ದನೆಯ ಮೇಜಿನ ಸುತ್ತ ಹಿರಿಯರೆಲ್ಲ ಕುಳಿತಿದ್ದ ಆ ಕೋಣೆಗೆ ಚುಕ್ಕಿ ಬಂದಾಗ, ದೊಡ್ಡ ಡಾಕ್ಟರು ಎದ್ದು ಬಳಿಗೆ ಹೋಗಿ, ಜೀವಮಾನದ ಅಭ್ಯಾಸಬಲದಿಂದ, ರಕ್ತ ಕಡಿಮೆಯಿದೆಯೇನೋ ಎಂದು ನೋಡಲು ಅವಳ ಕಣ್ಣಿನ ಕೆಳರೆಪ್ಪೆಗೆ ಬೆರಳು ಹಚ್ಚಿದರು.

“ಹೋಲ್ಡಾನ್!”

ಕಿಟಕಿಯ ಗಾಜು ಅದುರಿದಂತಾಯಿತು. ಟೀ ತರುತ್ತಿದ್ದ ಜವಾನ ಬಾಗಿಲಲ್ಲೇ ನಿಂತ. ಚುಕ್ಕಿ ಅಂಗೈ ಮುಂದೆ ಚಾಚಿ, ನೆಟ್ಟಗೆ, ತಾಯಿ ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲುವಂತೆಯೇ ನಿಂತಿದ್ದಳು. ಯಾರಿಂದಲೂ ಬೇಡವೆನ್ನಿಸಿಕೊಂಡು ಅಭ್ಯಾಸವಿಲ್ಲದ ಆ ಹಿರಿಯರ ಕೈ ಗಾಳಿಯಲ್ಲೇ ಉಳಿಯಿತು. ಅವರ ಮುಖ ಕೆಂಪಾಯಿತು. ನಾವೆಲ್ಲ ಸಿಡಿಲು ಬಡಿಯುವುದನ್ನೇ ಕಾದೆವು. ಆದರೆ ಅವರು ಚುಕ್ಕಿಯನ್ನು ನೋಡಿದರು. ಬಹುಶಃ ಮೊದಲ ಸಲ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು.

“ಕಣ್ಣು ನೋಡ್ಬೇಕಿತ್ತಮ್ಮ. ಮುಟ್ಟಲಾ?” ಎಂದು ಕೇಳಿದರು.

ಚುಕ್ಕಿ ತುಸು ಯೋಚಿಸಿದಳು. “ಬೇಡ” ಎಂದಳು.

“ಸರಿ” ಎಂದು ದೊಡ್ಡ ಡಾಕ್ಟರು ತಮ್ಮ ಕುರ್ಚಿಗೆ ಮರಳಿ ಕುಳಿತರು. ಯಾರನ್ನೂ ಉದ್ದೇಶಿಸದೆ, “ಇವಳಿಗೆ ತಿಳಿಯುತ್ತಾ ಅಂತ ಕೇಳಿದ್ದೆ ನಾನು. ಉತ್ತರ ಸಿಕ್ತು” ಎಂದರು. ದೂರು ಇದೆಯೇ ಎಂದು ತಾಯಿಯನ್ನು ಕೇಳಿದಾಗ ಅವಳೆಂದಳು: “ಇದೆ ಸ್ವಾಮಿ. ಈ ಡಾಕ್ಟ್ರು ನಮ್ಮ ಮನೆಗೆ ಬಂದ್ರೆ ಟೀ ಕುಡಿಯೋದೇ ಇಲ್ಲ.” ವಿಚಾರಣೆ ಅಲ್ಲಿಗೆ ಮುಗಿಯಿತು. ರೋಗಿಯದೇ ಒಪ್ಪಿಗೆಯಿಲ್ಲದೆ, ರೋಗವಿಲ್ಲದೆ, ಯಾರದೇ ಗರ್ಭಕೋಶವನ್ನು ಈ ಆಸ್ಪತ್ರೆಯಲ್ಲಿ ತೆಗೆಯಕೂಡದೆಂಬ ನಿಯಮ ಬರೆದವರು ದೊಡ್ಡ ಡಾಕ್ಟರೇ. ಡಾಕ್ಟರಮ್ಮನನ್ನು ಮತ್ತೆ ಥಿಯೇಟರಿಗೆ ಕರೆತಂದವರೂ ಅವರೇ.

ಆದರೆ ಆ ತಾಯಿಯ ದೊಡ್ಡ ಪ್ರಶ್ನೆ ಹಾಗೇ ಉಳಿದಿತ್ತು: “ನಾನು ಸತ್ತ ಮೇಲೆ?” ಇದಕ್ಕೆ ಸುಳ್ಳು ಧೈರ್ಯ ಹೇಳದೆ, “ಗೊತ್ತಿಲ್ಲಮ್ಮ, ಹುಡುಕೋಣ” ಎನ್ನುತ್ತಲೇ ಡಾಕ್ಟರಮ್ಮ ವರ್ಷಗಳನ್ನು ಸವೆಸಿದರು. ಹೊರರೋಗಿ ವಿಭಾಗದ ಆ ಮೂಲೆಯ ಕೋಣೆಯಲ್ಲಿ ವಾರಕ್ಕೊಮ್ಮೆ ಅಂಥ ತಾಯಂದಿರನ್ನು, ಅವರ ಹೆಣ್ಣುಮಕ್ಕಳನ್ನು ಕೂಡಿಸಿದರು. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಅಲ್ಲಿಂದಲೇ ಹುಟ್ಟಿತು. ಬಾಗಿಲ ಬೀಗಗಳು ಒಂದೊಂದಾಗಿ ಕಳಚಿದವು. ಕಾಲಾನಂತರ ಕಂಡಕ್ಟರಮ್ಮ ತೀರಿಕೊಂಡಾಗ ನೆಂಟರೆಲ್ಲ ಮುಂದಿನ ಕೋಣೆಯಲ್ಲಿ ಕುಳಿತು ಚುಕ್ಕಿಯನ್ನು ಎಲ್ಲಿಗೆ ಸಾಗಿಸುವುದೆಂದು ಚರ್ಚಿಸುತ್ತಿದ್ದರು. ಡಾಕ್ಟರಮ್ಮ ಒಳಕೋಣೆಯಿಂದ ಅವಳ ಕೈ ಹಿಡಿದು ಕರೆತಂದು ಅವರ ನಡುವೆ ಕೂರಿಸಿ, “ಈಗ ಮಾತಾಡಿ” ಎಂದರು. ಚುಕ್ಕಿ ಅತ್ತಳು, ಅತ್ತು ಮುಗಿಸಿ, ತಾನು ಗೆಳತಿಯರ ಜೊತೆ ಇರುವುದಾಗಿ ಹೇಳಿದಳು. ಇಂದು ಅವಳು ಅಂಥ ಮೂವರು ಗೆಳತಿಯರೊಡನೆ, ನೋಡಿಕೊಳ್ಳುವ ಒಬ್ಬ ಹಿರಿಯಕ್ಕನ ಆಸರೆಯಲ್ಲಿ, ತಮ್ಮದೇ ಮನೆಯಲ್ಲಿದ್ದಾಳೆ. ಅವಳ ತಲೆಯಲ್ಲೂ ಈಗ ಅಲ್ಲಲ್ಲಿ ಬಿಳಿಕೂದಲು.

ಮುಖ್ಯಸ್ಥೆಯಾದ ಮೇಲೆ ಡಾಕ್ಟರಮ್ಮ ಮಾಡಿದ ಮೊದಲ ಕೆಲಸ ಬಡಗಿಯನ್ನು ಕರೆಸಿ ಪರೀಕ್ಷೆಯ ಮಂಚದ ಕಾಲುಗಳನ್ನು ಕೊಯ್ಯಿಸಿದ್ದು. ಆ ಎತ್ತರದ ಮಂಚ ಹತ್ತಲಾರದೆಯೇ ಗಾಲಿಕುರ್ಚಿಯ ಹೆಂಗಸರು ಪರೀಕ್ಷೆಯಿಲ್ಲದೆ ಹಿಂದಿರುಗುತ್ತಿದ್ದರೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಂಚ ತಗ್ಗಿದ ಮೇಲೆ ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಶಾಲಾ ಶಿಕ್ಷಕಿ ಮಂಚಕ್ಕೆ ತಾನೇ ಸರಿದು ಕುಳಿತು, “ಡಾಕ್ಟ್ರೇ, ಹೆಣ್ಣು ಅಂತ ನನ್ನನ್ನ ಯಾರೂ ಇದುವರೆಗೂ ಪರೀಕ್ಷೆ ಮಾಡಿರ್ಲಿಲ್ಲ. ಎಲ್ಲರೂ ಕಾಲು ನೋಡಿ ಕಳಿಸ್ತಿದ್ರು” ಎಂದರಂತೆ. ಅಂದು ಆ ಪರೀಕ್ಷೆಯಲ್ಲಿ ಸಿಕ್ಕ ಗಂಟು ಸಕಾಲಕ್ಕೆ ಸಿಕ್ಕಿದ್ದರಿಂದ ಆ ಶಿಕ್ಷಕಿ ಇಂದಿಗೂ ಪಾಠ ಹೇಳುತ್ತಿದ್ದಾರೆ.

ನನ್ನ ಸ್ವಂತ ಋಣವನ್ನು ಹೇಳದೆ ಈ ಲೇಖನ ಮುಗಿಯದು. ನನ್ನ ಯಜಮಾನರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋದಾಗ, ನಮ್ಮದೇ ಆಸ್ಪತ್ರೆಯ ವೈದ್ಯರು ಅಕ್ಕರೆಯಿಂದ ನೋಡಿಕೊಂಡರು. ಆದರೆ ಎಲ್ಲರೂ ಮಾತಾಡಿದ್ದು ನನ್ನೊಡನೆ. ಯಜಮಾನರು ದಿನವಿಡೀ ತಳಮಳಿಸುತ್ತಿದ್ದರು, ನೋವೆಂದು ನಾವು ಔಷಧ ಹೆಚ್ಚಿಸುತ್ತಿದ್ದೆವು. ಡಾಕ್ಟರಮ್ಮ ತಮ್ಮ ವಿಭಾಗದ ಕೆಲಸ ಮುಗಿಸಿ ಬಂದು, ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, “ಭಾವ, ಹೌದಾದ್ರೆ ಕಣ್ಣು ಮುಚ್ಚಿ, ಇಲ್ಲಾಂದ್ರೆ ಸುಮ್ನಿರಿ” ಎಂದು ಆರಂಭಿಸಿದರು. ನೋವಾ? ಇಲ್ಲ. ಬಾಯಾರಿಕೆಯಾ? ಇಲ್ಲ. ಹೆದರಿಕೆಯಾ? ಇಲ್ಲ. ಕೇಳುತ್ತಾ ಕೇಳುತ್ತಾ ಮಧ್ಯಾಹ್ನ ಸಂಜೆಯಾಯಿತು. ಕೊನೆಗೆ ಗೊತ್ತಾದದ್ದು, ಅವರಿಗೆ ಬೇಕಾಗಿದ್ದುದು ಕನ್ನಡಕ. ಆಸ್ಪತ್ರೆಗೆ ಸೇರಿಸಿದ ದಿನವೇ ಯಾರೋ ಅದನ್ನು ತೆಗೆದು ಕಪಾಟಿನಲ್ಲಿಟ್ಟಿದ್ದರು. ಇಷ್ಟು ದಿನ ಅವರು ಮಂಜಿನಲ್ಲಿ ಮಲಗಿದ್ದರು. ಡಾಕ್ಟರಮ್ಮ ಗಾಜು ಒರೆಸಿ, “ಹಾಕಲಾ?” ಎಂದು ಕೇಳಿ, ಮೂಗಿನ ಮೇಲಿಟ್ಟರು. ನನ್ನ ಗಂಡ ನನ್ನ ಮುಖವನ್ನು ಕಂಡರು. ಆ ನೋಟವನ್ನು ನನಗೆ ದೊರಕಿಸಿಕೊಟ್ಟವರಿಗೆ ನಾನು ಯಾವ ಜನ್ಮದಲ್ಲಿ ಋಣ ತೀರಿಸಲಿ?

ಮೊನ್ನೆ ಅವರ ಕೊನೆಯ ಶಸ್ತ್ರಚಿಕಿತ್ಸೆಗೂ ಅರಿವಳಿಕೆ ಕೊಟ್ಟವಳು ನಾನೇ. ರೋಗಿ ಹುಟ್ಟುಗುರುಡಿ, ಪಿಯಾನೊ ಶ್ರುತಿ ಮಾಡುವ ಕಸುಬಿನವರು. ಮಲಗುವ ಮೊದಲು ಅವರು, “ನನ್ನನ್ನ ಕೊಯ್ಯೋ ಕೈ ಯಾವುದು ಅಂತ ಒಮ್ಮೆ ನೋಡಬಹುದಾ?” ಎಂದರು. ಡಾಕ್ಟರಮ್ಮ ಇನ್ನೂ ಕೈಗವಸು ತೊಡದ ತಮ್ಮ ಎರಡೂ ಕೈಗಳನ್ನು ಅವರ ಅಂಗೈಯಲ್ಲಿಟ್ಟರು. ಆಕೆ ಬೆರಳು ಬೆರಳನ್ನೂ ಸವರಿ ನೋಡಿ, “ನಡುಗ್ತಾ ಇದೆಯಲ್ಲ ಡಾಕ್ಟ್ರೇ” ಎಂದರು.

“ಹೌದಮ್ಮ. ಇವತ್ತು ಇಲ್ಲಿ ನನ್ನ ಕೊನೇ ಆಪರೇಷನ್ನು” ಎಂದರು ಡಾಕ್ಟರಮ್ಮ. “ಕೈ ಸ್ಥಿರ ಆಗೋವರೆಗೂ ಶುರು ಮಾಡಲ್ಲ. ಬೇರೆಯವರು ಮಾಡ್ಲಿ ಅಂದ್ರೆ ಅದಕ್ಕೂ ಸರಿ. ನೀವು ಹೇಗೆ ಹೇಳ್ತೀರೋ ಹಾಗೆ.”

ಆಕೆ ಆ ಕೈಗಳನ್ನು ಬಿಡಲಿಲ್ಲ. ಇನ್ನಷ್ಟು ಬಿಗಿಯಾಗಿ ಹಿಡಿದು, “ಹೆದರ್ಬೇಡಿ, ನಾನಿದ್ದೀನಿ” ಎಂದರು. ನಡುಕ ಪೂರ್ತಿ ನಿಲ್ಲುವವರೆಗೆ ಹಿಡಿದೇ ಇದ್ದು, ಆಮೇಲೆ, “ಈಗ ಸರಿಯಾಯ್ತು. ಶುರು ಮಾಡಿ” ಎಂದು ಅಪ್ಪಣೆ ಕೊಟ್ಟರು. ಆಪರೇಷನ್ ಎಂದಿನಂತೆ, ಒಂದು ಹೊಲಿಗೆಯೂ ದಂಡವಾಗದೆ ಮುಗಿಯಿತು.

ಡಾಕ್ಟರಮ್ಮ ಈಗ ಕಿವುಡರ ಶಾಲೆಯಲ್ಲಿ ಸಂಜ್ಞಾಭಾಷೆ ಕಲಿಯಲು ಸೇರಿದ್ದಾರೆ. ಮುಂದಿನ ವರ್ಷದಿಂದ ಹೆರಿಗೆಗೆ ಬರುವ ಕಿವುಡ ತಾಯಂದಿರ ಜೊತೆ ತಾವೇ ಮಾತಾಡಬೇಕಂತೆ. ತಮ್ಮ ಬೆರಳಿನ ವ್ಯಾಕರಣ ಕಂಡು ಗುರುಗಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆಂದು ಅವರೇ ಹೇಳಿಕೊಂಡು ನಗುತ್ತಾರೆ. ಆ ಭಾಷೆ ಅವರಿಗೆ ಬೇಗ ಒಲಿಯಲಿ. ಅದನ್ನು ಕಲಿತು, ಆಡಿ, ಮತ್ತೊಂದು ತಲೆಮಾರಿಗೆ ಕಲಿಸುವಷ್ಟು ದೀರ್ಘವಾದ ಆಯುಸ್ಸು, ಆ ಆಯುಸ್ಸಿನುದ್ದಕ್ಕೂ ದಣಿಯದ ದೇಹ ಅವರಿಗಿರಲಿ. ಎಂದಾದರೂ ಮತ್ತೆ ಅವರ ಕೈ ನಡುಗಿದರೆ, ಹಿಡಿದು “ನಾನಿದ್ದೀನಿ” ಎನ್ನಲು ಈ ಊರಿನಲ್ಲಿ ಎಷ್ಟು ಕೈಗಳು ಕಾದಿವೆಯೆಂಬುದು ಅವರಿಗೆ ತಿಳಿದಿರಲಿ.